ಕಿವಿ, ಕಣ್ಣು, ತಲೆ ಮೂರೂ ಮತ್ತೆ ಮತ್ತೆ ನೋಯುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಲಗಿವಿಯೊಳಗೆ ಚುಚ್ಚು, ಬಲಗಣ್ಣಿನ ಹಿಂದೆ ಒತ್ತು, ಗಂಟೆ ಕಳೆಯುವಷ್ಟರಲ್ಲಿ ತಲೆಯ ಬಲಭಾಗವೆಲ್ಲ ನೋವು. ಎರಡು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಹೊತ್ತು ಮೂರು ಬಗೆಯ ತಜ್ಞರ ಬಾಗಿಲು ತಟ್ಟಿದವಳು ನಾನು. ಕಿವಿ ನೋಡಿದವರು ಕಿವಿ ಚೆನ್ನಾಗಿದೆ ಎಂದರು. ಕಣ್ಣು ನೋಡಿದವರು ಕಣ್ಣು ಚೆನ್ನಾಗಿದೆ ಎಂದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ನೋವೂ ನಿಜವೇ ಆಗಿತ್ತು. ನೋಯುವ ಜಾಗ ಒಂದು, ನೋವು ಹುಟ್ಟುವ ಜಾಗ ಇನ್ನೊಂದು ಆಗಿರಬಹುದು ಎಂಬುದು ನನಗೆ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು. ನಾನು ವೈದ್ಯೆಯಲ್ಲ. ಇದೇ ತೊಂದರೆಯವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದನ್ನು ಓದಿ ರೋಗಕ್ಕೆ ನೀವೇ ಹೆಸರಿಟ್ಟುಕೊಳ್ಳಬೇಡಿ. ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕೆಂದು ಹೊಳೆದರೆ ಸಾಕು.

ಯಾವ ಲಕ್ಷಣ ಕಂಡರೆ ಈ ಪುಟವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಓಡಬೇಕು?

ಒಂದು ನಿಮಿಷದೊಳಗೆ ತಾರಕಕ್ಕೇರುವ, ಜೀವನದಲ್ಲೇ ಕಂಡಿರದಂಥ ತಲೆನೋವು. ಮೆದುಳಿನ ಸುತ್ತ ರಕ್ತಸ್ರಾವವಾದಾಗ ನೋವು ಹೀಗೆ ಬರುತ್ತದೆ. ತಲೆನೋವಿನ ಜೊತೆ ಕೈಕಾಲಿನ ಬಲ ಕುಗ್ಗುವುದು, ಮಾತು ತೊದಲುವುದು, ಗೊಂದಲ, ಸೆಳವು. ಜ್ವರ ಬಂದು ಕುತ್ತಿಗೆ ಬಗ್ಗಿಸಲಾಗದಂತೆ ಬಿಗಿಯುವುದು. ಕಣ್ಣು ಕೆಂಪಾಗಿ, ದೃಷ್ಟಿ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯೂ ಆಗುತ್ತಿದ್ದರೆ ಅದು ಕಣ್ಣಿನ ಒತ್ತಡ ಥಟ್ಟನೆ ಏರುವ ಗ್ಲಾಕೋಮಾ ಇರಬಹುದು. ಅಲ್ಲಿ ಕೆಲವೇ ಗಂಟೆಗಳ ತಡವೂ ದೃಷ್ಟಿಗೆ ಕುತ್ತು.

ಕುತ್ತಿಗೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಕುತ್ತಿಗೆ ಜೋರಾಗಿ ತಿರುಗಿದ ಮೇಲೆ ನೋವು ಶುರುವಾಗಿ, ಒಂದು ಕಣ್ಣಿನ ರೆಪ್ಪೆ ಜೋತು ಅದೇ ಕಣ್ಣಿನ ಪಾಪೆ ಚಿಕ್ಕದಾಗಿದ್ದರೆ ಕುತ್ತಿಗೆಯ ರಕ್ತನಾಳದ ಪದರ ಹರಿದಿರಬಹುದು. ಕಿವಿಯ ಹಿಂದೆ ಊದಿಕೊಂಡು ಕಿವಿ ಮುಂದಕ್ಕೆ ತಳ್ಳಿದಂತೆ ಕಾಣುವುದು, ಕಿವಿಯ ಮೇಲೆ ನೀರುಗುಳ್ಳೆಯೆದ್ದು ಮುಖದ ಒಂದು ಬದಿ ಸೋಲುವುದು, ಇವೂ ಕಾಯುವ ವಿಷಯಗಳಲ್ಲ. ಎರಡನೆಯದು ಸರ್ಪಸುತ್ತಿನ ವೈರಾಣುವಿನ ಕೆಲಸ. ಔಷಧಿಯನ್ನು ಮೊದಲ 72 ಗಂಟೆಗಳೊಳಗೆ ಶುರುಮಾಡಿದರೆ ಮುಖದ ಚಲನೆ ಮರಳುವ ಸಾಧ್ಯತೆ ಹೆಚ್ಚು.

50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ತಲೆ ಬಾಚಿದರೆ ನೆತ್ತಿ ನೋಯುತ್ತಿದ್ದರೆ, ಅಗಿಯುವಾಗ ದವಡೆ ಸೋತುಬಂದು ನಿಲ್ಲಿಸಿದರೆ ಸರಿಹೋಗುತ್ತಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಹಣೆಯ ಬದಿಯ ರಕ್ತನಾಳದ ಉರಿಯೂತ ಎಂಬ ಈ ಕಾಯಿಲೆ ಥಟ್ಟನೆ ದೃಷ್ಟಿಯನ್ನೇ ಕಸಿದುಕೊಂಡುಬಿಡಬಹುದು. ಗರ್ಭಿಣಿಯರು, ಬಾಣಂತಿಯರು, ಕ್ಯಾನ್ಸರ್ ಇದ್ದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹೊಸ ತಲೆನೋವನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬಾರದು.

ಕಿವಿ ಎಲ್ಲಿ, ಕಣ್ಣು ಎಲ್ಲಿ. ಎರಡೂ ಒಟ್ಟಿಗೆ ಏಕೆ ನೋಯುತ್ತವೆ?

ಎರಡರಿಂದಲೂ ಸುದ್ದಿ ಒಯ್ಯುವ ತಂತಿ ಒಂದೇ ಆಗಿರುವುದರಿಂದ. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಟ್ರೈಜೆಮಿನಲ್ ನರ. ಅದಕ್ಕೆ ಮೂರು ಕವಲು: ಒಂದು ಹಣೆಗೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆಗೆ, ಮೇಲಿನ ಹಲ್ಲಿಗೆ ಮತ್ತು ಮೂಗಿನ ಸುತ್ತಲಿನ ಮೂಳೆಯ ಗಾಳಿಗೂಡಾದ ಸೈನಸ್‌ಗೆ, ಮೂರನೆಯದು ಕೆಳದವಡೆಗೆ. ಈ ಮೂರನೆಯದರ ಒಂದು ಟಿಸಿಲು ಕಿವಿಯ ಮುಂಭಾಗಕ್ಕೂ ಹಣೆಯ ಬದಿಯ ಕಣತಲೆಗೂ ಹೋಗುತ್ತದೆ. ಮೆದುಳಿನ ಹೊದಿಕೆಯ ನೋವನ್ನು ಸಾಗಿಸುವುದೂ ಹೆಚ್ಚಾಗಿ ಇದೇ ನರ. ಮೆದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ತಲೆನೋವೆಂದು ನಾವು ಕರೆಯುವುದು ಅದರ ಸುತ್ತಲಿನವರ ದೂರು.

ಇನ್ನೂ ಒಂದು ತೊಡಕಿದೆ. ಕುತ್ತಿಗೆಯ ಮೇಲಿನ ಮೂರು ನರಗಳ ಎಳೆಗಳು ಮತ್ತು ಟ್ರೈಜೆಮಿನಲ್ ನರದ ಎಳೆಗಳು ಮಿದುಳುಬಳ್ಳಿಯ ಮೇಲ್ತುದಿಯಲ್ಲಿ ಒಂದೇ ನಿಲ್ದಾಣಕ್ಕೆ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಮೆದುಳಿಗೆ ಹೋಗುವ ಸುದ್ದಿಯಲ್ಲಿ ಕಳುಹಿಸಿದವರ ವಿಳಾಸ ಕಲಸಿಹೋಗಿರುತ್ತದೆ. ಕುತ್ತಿಗೆಯ ಕೀಲು ಕೆಟ್ಟರೆ ಕಣ್ಣಿನ ಹಿಂದೆ ನೋಯುವುದೂ, ಮೈಗ್ರೇನ್ ಬಂದಾಗ ಕುತ್ತಿಗೆ ಬಿಗಿಯುವುದೂ ಹೀಗೆಯೇ.

ಕಿವಿಯದಂತೂ ಸಂತೆ. ಐದನೆಯ, ಏಳನೆಯ, ಒಂಬತ್ತನೆಯ, ಹತ್ತನೆಯ ತಲೆಬುರುಡೆ ನರಗಳು, ಜೊತೆಗೆ ಕುತ್ತಿಗೆಯ ಎರಡು ನರಗಳು ಇಷ್ಟು ಸಣ್ಣ ಅಂಗವನ್ನು ಹಂಚಿಕೊಂಡಿವೆ. ಕಿವಿಯೊಳಗೆ ಏನಾದರೂ ತಾಗಿದರೆ ಕೆಲವರಿಗೆ ಕೆಮ್ಮು ಬರುವುದನ್ನು ನೋಡಿದ್ದೀರಲ್ಲ? ಅದು ಎದೆ, ಹೊಟ್ಟೆಯವರೆಗೂ ಇಳಿಯುವ ಹತ್ತನೆಯ ನರದ ಕಿತಾಪತಿ. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡವರಿಗೆ ದಿನಗಟ್ಟಲೆ ಕಿವಿ ನೋಯುವುದು ಒಂಬತ್ತನೆಯದರದು.

ಹಾಗಾದರೆ ಮೊದಲು ಯಾರನ್ನು ಕಾಣಬೇಕು?

ಸಾಮಾನ್ಯ ವೈದ್ಯರನ್ನು. ಈ ಉತ್ತರ ಯಾರಿಗೂ ಹಿಡಿಸುವುದಿಲ್ಲ ಎಂದು ಗೊತ್ತು. ನೇರವಾಗಿ ತಜ್ಞರ ಬಳಿ ಹೋದರೆ ಅವರು ತಮ್ಮ ಅಂಗವನ್ನು ನೋಡಿ, ಅದು ಸರಿಯಿದ್ದರೆ ಕಳುಹಿಸಿಬಿಡುತ್ತಾರೆ. ನಡುವಿನ ಜಾಗ ಯಾರದೂ ಅಲ್ಲ. ಕಿವಿ, ಕಣ್ಣು, ಗಂಟಲು, ದವಡೆ, ಕುತ್ತಿಗೆ, ರಕ್ತದೊತ್ತಡ ಎಲ್ಲವನ್ನೂ ಒಂದೇ ಸಲ ನೋಡಿ, ಮುಂದೆ ಯಾರ ಬಳಿ ಹೋಗಬೇಕೆಂದು ತೀರ್ಮಾನಿಸುವವರು ಒಬ್ಬರು ಬೇಕು. ಕಿವಿ ಸೋರುತ್ತಿದ್ದರೆ, ಕೇಳಿಸುವುದು ಕಡಿಮೆಯಾಗಿದ್ದರೆ ಕಿವಿ-ಮೂಗು-ಗಂಟಲು ತಜ್ಞರು. ದೃಷ್ಟಿ ಬದಲಾಗಿದ್ದರೆ, ಕಣ್ಣು ಕೆಂಪಾಗಿದ್ದರೆ ನೇತ್ರತಜ್ಞರು. ಅಗಿಯುವಾಗ, ಆಕಳಿಸುವಾಗ ನೋವು ಹೆಚ್ಚಿದರೆ ದಂತವೈದ್ಯರು. ಅಂಗಗಳೆಲ್ಲ ಸರಿಯಿದ್ದು ನೋವು ದಾಳಿಗಳಂತೆ ಬಂದು ಹೋಗುತ್ತಿದ್ದರೆ ನರರೋಗ ತಜ್ಞರು. ನಾನು ಈ ಕ್ರಮವನ್ನು ಪೂರ್ತಿ ತಲೆಕೆಳಗಾಗಿ ಮಾಡಿದೆ.

ವೈದ್ಯರಿಗೆ ಏನು ಹೇಳಬೇಕು? ಅಲ್ಲಿ ಹೋಗಿ ಕುಳಿತರೆ ಎಲ್ಲವೂ ಮರೆತುಹೋಗುತ್ತದೆ.

ಎಲ್ಲಿ ನೋಯುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಯುತ್ತದೆ ಎನ್ನುವುದನ್ನು ಮೊದಲು ಹೇಳಿ. ಮೈಗ್ರೇನಿಗಾಗಲಿ ಅದರ ಬಂಧುಗಳಿಗಾಗಲಿ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಚಿತ್ರದಲ್ಲಿ ಕಾಣುವ ಗುರುತಿಲ್ಲ. ವೈದ್ಯರು ನಿಮ್ಮ ಮಾತಿನಿಂದಲೇ ಹೆಸರನ್ನು ಹೆಕ್ಕಬೇಕು, ಮತ್ತು ಆ ಹೆಸರುಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಮೊದಲ ಅಳತೆಗೋಲು ಗಡಿಯಾರ.

ವಿದ್ಯುತ್ ತಾಗಿದಂತೆ ಕ್ಷಣಾರ್ಧದಿಂದ ಎರಡು ನಿಮಿಷದೊಳಗೆ ಮುಗಿಯುವುದು ಟ್ರೈಜೆಮಿನಲ್ ನರಶೂಲೆಯ ನಡವಳಿಕೆ. 2ರಿಂದ 30 ನಿಮಿಷ ಇದ್ದು ದಿನಕ್ಕೆ ಐದಕ್ಕೂ ಹೆಚ್ಚು ಸಲ ಬಂದರೆ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂಬ ಅಪರೂಪದ್ದನ್ನು ನೆನೆಯುತ್ತಾರೆ. 15 ನಿಮಿಷದಿಂದ 3 ಗಂಟೆಯವರೆಗೆ, ಎರಡು ದಿನಕ್ಕೊಮ್ಮೆಯಿಂದ ದಿನಕ್ಕೆ ಎಂಟು ಸಲದವರೆಗೆ ಬರುವುದು ಕ್ಲಸ್ಟರ್ ತಲೆನೋವು. ಚಿಕಿತ್ಸೆ ಇಲ್ಲದೆ ಬಿಟ್ಟರೆ 4ರಿಂದ 72 ಗಂಟೆ ಹಿಡಿದಿಡುವುದು ಮೈಗ್ರೇನ್. ಅರ್ಧ ಗಂಟೆಯಿಂದ ಏಳು ದಿನದವರೆಗೆ, ಎರಡೂ ಬದಿ ಪಟ್ಟಿ ಬಿಗಿದಂತೆ, ಕೆಲಸ ಮಾಡಲು ಬಿಡುವಷ್ಟು ಸೌಮ್ಯವಾಗಿರುವುದು ಬಿಗಿತದ ತಲೆನೋವು. ಮೂರು ತಿಂಗಳಿಗೂ ಮೀರಿ ಒಂದೇ ಬದಿಯಲ್ಲಿ ಬಿಡದೆ ಇದ್ದು, ನಡುನಡುವೆ ಏರುತ್ತ ಇಳಿಯುತ್ತ, ಆ ಕಣ್ಣಿನಲ್ಲಿ ಮರಳು ಬಿದ್ದಂತೆ ಅನ್ನಿಸುವುದು ಹೆಮಿಕ್ರೇನಿಯಾ ಕಂಟಿನ್ಯುವಾ. ಈ ಕೊನೆಯದನ್ನು ವರ್ಷಗಟ್ಟಲೆ ಸೈನಸ್ ಎಂದೋ ಹಲ್ಲು ಎಂದೋ ನೋಡಿರುವುದುಂಟು.

ಗಡಿಯಾರದ ನಂತರ ಹೇಳಬೇಕಾದದ್ದು ದಾಳಿಯ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಎಂಬುದು. ಕತ್ತಲೆ ಕೋಣೆಯಲ್ಲಿ ಅಲುಗದೆ ಮಲಗುತ್ತೀರೋ, ಕುಳಿತಲ್ಲಿ ಕೂರಲಾಗದೆ ಓಡಾಡುತ್ತೀರೋ? ಮೊದಲನೆಯದು ಮೈಗ್ರೇನಿನ ಕಡೆಗೆ ಬೆರಳು ತೋರಿಸುತ್ತದೆ, ಎರಡನೆಯದು ಕ್ಲಸ್ಟರ್ ಕಡೆಗೆ. ನನ್ನನ್ನು ಈ ಪ್ರಶ್ನೆ ಕೇಳಿದ ಮೊದಲ ವೈದ್ಯರೇ ನನ್ನ ಕಾಯಿಲೆಯನ್ನು ಹಿಡಿದವರು.

ಮಾತು ಹೀಗಿದ್ದರೆ ಸಾಕು: "ಎಂಟು ತಿಂಗಳಿಂದ, ತಿಂಗಳಿಗೆ ನಾಲ್ಕೈದು ಸಲ, ಪ್ರತಿ ಸಲವೂ ಬಲಬದಿಯೇ, ಸುಮಾರು ಹತ್ತು ಗಂಟೆ ಇರುತ್ತದೆ. ಕಿವಿಯಲ್ಲಿ ಶುರುವಾಗಿ ಕಣ್ಣಿಗೆ ಬರುತ್ತದೆ. ಬೆಳಕು ಸಹಿಸುವುದಿಲ್ಲ, ವಾಕರಿಕೆ ಇದೆ. ತಿಂಗಳಿಗೆ ಹನ್ನೆರಡು ಮಾತ್ರೆ ನುಂಗುತ್ತೇನೆ." ಹಿಂದಿನ ವೈದ್ಯರು ಏನೆಂದರು ಎಂಬುದನ್ನು ಅವರು ಕೇಳಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಹೊಸಬರ ಯೋಚನೆಯೂ ಅದೇ ಜಾಡಿಗೆ ಬೀಳುತ್ತದೆ.

ನೋವಿನ ದಿನಚರಿ ಬರೆಯಲೇಬೇಕೇ?

ಬರೆಯಿರಿ, ಆದರೆ ಕಾದಂಬರಿ ಬೇಡ. ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ಬದಿ, ಹತ್ತಕ್ಕೆ ಎಷ್ಟು ನೋವು, ನುಂಗಿದ ಮಾತ್ರೆ, ಹೆಂಗಸರಾದರೆ ಮುಟ್ಟಿನ ದಿನ. ಒಂದು ಸಾಲಿನಲ್ಲಿ ಮುಗಿಯಬೇಕು, ಇಲ್ಲದಿದ್ದರೆ ನೋವಿರುವ ದಿನ ಬರೆಯುವುದಿಲ್ಲ. ನೋವು ಇಲ್ಲದ ದಿನಗಳನ್ನೂ ಲೆಕ್ಕವಿಡಿ. ತಿಂಗಳಿಗೆ ಎಷ್ಟು ದಿನ ತಲೆ ಪೂರ್ತಿ ತಿಳಿಯಾಗಿತ್ತು ಎಂಬ ಸಂಖ್ಯೆಯನ್ನು ನರರೋಗ ತಜ್ಞರು ಬಹಳ ಇಷ್ಟಪಡುತ್ತಾರೆ.

ಇನ್ನೊಂದು ಕೆಲಸ ಮಾಡಿ: ನೋವಿರುವಾಗ ಕನ್ನಡಿಯ ಮುಂದೆ ನಿಂತು ಎರಡೂ ಕಣ್ಣು ಕಾಣುವಂತೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಕೆಂಪು, ನೀರು, ಜೋತ ರೆಪ್ಪೆ, ಹೆಚ್ಚುಕಡಿಮೆಯಾದ ಪಾಪೆ ಇವೆಲ್ಲ ವೈದ್ಯರ ಬಳಿ ಹೋಗುವ ಹೊತ್ತಿಗೆ ಮಾಯವಾಗಿರುತ್ತವೆ. ಚಿತ್ರ ಮಾಯವಾಗುವುದಿಲ್ಲ.

ನನಗೆ ಇರುವುದು ಸೈನಸ್ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಅದೇ ಇರಬಹುದಲ್ಲ?

ಇರಬಹುದು, ಆದರೆ ಅನುಮಾನಿಸಿ. ತಮಗೆ ಸೈನಸ್ ತಲೆನೋವಿದೆ ಎಂದು ನಂಬಿದ್ದ ಅಥವಾ ಹಾಗೆಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಸುಮಾರು 3,000 ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇಕಡಾ 88 ಜನರ ನೋವು ಮೈಗ್ರೇನಿನ ಲಕ್ಷಣಗಳಿಗೆ ಹೊಂದಿಕೊಂಡಿತು. ಮೈಗ್ರೇನ್ ಬಂದಾಗ ಟ್ರೈಜೆಮಿನಲ್ ನರ ಕೆರಳಿ, ಮೂಗು ಮತ್ತು ಕಣ್ಣಿನ ಗ್ರಂಥಿಗಳಿಗೂ ಚಿತಾವಣೆ ಕೊಡುತ್ತದೆ. ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಕೆನ್ನೆ ಭಾರವಾಗುತ್ತದೆ. ಹವೆ ಬದಲಾದಾಗ ನೋವು ಬರುವುದರಿಂದ ಸೈನಸ್ ಎಂಬ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಹವೆಯ ಏರುಪೇರು ಮೈಗ್ರೇನನ್ನೂ ಕೆರಳಿಸುತ್ತದೆ ಎಂಬುದು ಹೊಳೆಯುವುದಿಲ್ಲ.

ನಿಜವಾದ ಸೈನಸ್ ಸೋಂಕಿನಲ್ಲಿ ಮೂಗಿನಿಂದ ದಪ್ಪ ಹಳದಿ ಅಥವಾ ಹಸಿರು ಸಿಂಬಳ ಬರುತ್ತದೆ, ವಾಸನೆ ತಿಳಿಯುವುದು ಕುಗ್ಗುತ್ತದೆ, ಜ್ವರ ಬರಬಹುದು, ದಿನಗಟ್ಟಲೆ ಇರುತ್ತದೆ. ತಿಂಗಳಿಗೆ ನಾಲ್ಕು ಸಲ ಬಂದು ಮಾರನೆಯ ದಿನ ತಾನಾಗಿ ಹೋಗುವ ಸೋಂಕು ಎಲ್ಲಿಯದು? ನಿಮ್ಮ ಮನೆಯಲ್ಲಿ ಹಳೆಯ ಆಂಟಿಬಯಾಟಿಕ್ ಚೀಟಿಗಳ ಕಟ್ಟು ಇದ್ದರೆ ಒಮ್ಮೆ ತಾರೀಖುಗಳನ್ನು ಜೋಡಿಸಿ ನೋಡಿ.

ಕಿವಿ ಪೂರ್ತಿ ಸರಿಯಿದೆ ಎಂದರು. ಆದರೂ ನೋವು ಕಿವಿಯೊಳಗೇ ಇದೆ!

ಕಿವಿಯದೇ ನೋವಾಗಿದ್ದರೆ ಕಿವಿ ಸುಳಿವು ಬಿಟ್ಟುಕೊಡುತ್ತದೆ. ಕಿವಿಯನ್ನು ಹಿಡಿದು ಎಳೆದರೆ, ಕಿವಿರಂಧ್ರದ ಮುಂದಿನ ಗುಬುಟನ್ನು ಒತ್ತಿದರೆ ಜೀವ ಹೋದಂತಾದರೆ ಹೊರಗಿವಿಯ ಸೋಂಕು. ನೆಗಡಿಯ ಹಿಂದೆಯೇ ಬಂದು ಕೇಳಿಸುವುದು ಮಂದವಾದರೆ ನಡುಗಿವಿಯದು. ಇದಾವುದೂ ಇಲ್ಲದೆ, ಕಿವಿಯ ತಮಟೆ ಹೊಳೆಯುತ್ತಿದ್ದು, ಕೇಳಿಸುವುದು ಸರಿಯಿದ್ದರೆ ನೋವು ಬೇರೆಡೆಯಿಂದ ಬಂದ ಅತಿಥಿ.

ಅಂಥ ಅತಿಥಿಗಳಲ್ಲಿ ದೊಡ್ಡವನು ದವಡೆಯ ಕೀಲು. ಕಿವಿಯ ಮುಂದೆ ಎರಡು ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಕೈಗೆ ಸಿಗುವ ಚಲನೆಯೇ ಆ ಕೀಲು. ಅದಕ್ಕೂ ಕಿವಿರಂಧ್ರಕ್ಕೂ ನಡುವೆ ತೆಳ್ಳನೆಯ ಗೋಡೆ ಮಾತ್ರ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ, ಹಗಲಿಡೀ ಹಲ್ಲು ಕಚ್ಚಿ ಕೆಲಸ ಮಾಡುವವರಿಗೆ ಬೆಳಗ್ಗೆ ಕಿವಿಯೊಳಗೆ ಮಂದ ನೋವು, ಕಣತಲೆಯಲ್ಲಿ ಬಿಗಿತ, ಕಣ್ಣಿನ ಸುತ್ತ ಭಾರ. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವ ಸ್ನಾಯು ಅಗಿಯುವ ಸ್ನಾಯುವೇ, ಹಾಗಾಗಿ ದವಡೆಯ ದಣಿವು ತಲೆನೋವಾಗಿ ಮೇಲೇರುತ್ತದೆ. ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಬಾರದು. ಇದನ್ನು ಓದಿದೊಡನೆ ನಿಮ್ಮ ದವಡೆ ಸಡಿಲಗೊಂಡಿದ್ದರೆ ಒಂದು ಸುಳಿವು ಸಿಕ್ಕಂತೆ. ಆದರೆ ದವಡೆ ಕಟಕಟ ಎನ್ನುವುದೊಂದೇ ರೋಗವಲ್ಲ. ನೋವಿಲ್ಲದ ಸದ್ದು ಬಹಳ ಜನರಲ್ಲಿ ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಡ.

ಹುಳುಕು ಹಲ್ಲು, ಅರ್ಧ ಹುಟ್ಟಿ ನಿಂತ ಬುದ್ಧಿಹಲ್ಲು, ಕುತ್ತಿಗೆಯ ಕೀಲು ಇವೂ ಕಿವಿಗೆ ನೋವು ಕಳುಹಿಸುತ್ತವೆ. ಕಿವಿಯ ಕೆಳಗಿನ ಸ್ಟೈಲಾಯ್ಡ್ ಎಂಬ ಮೊನಚು ಮೂಳೆ ಉದ್ದವಾಗಿ ಬೆಳೆದು, ನುಂಗುವಾಗ ಅಥವಾ ತಲೆ ತಿರುಗಿಸಿದಾಗ ಗಂಟಲಿನಿಂದ ಕಿವಿಗೆ ನೋವೇಳುವುದೂ ಉಂಟು, ಅಪರೂಪಕ್ಕೆ.

ಒಂದು ವಿಷಯವನ್ನು ಮಾತ್ರ ತಮಾಷೆಯಿಲ್ಲದೆ ಹೇಳಬೇಕು. ಒಂದೇ ಕಿವಿಯ ನೋವು ವಾರಗಟ್ಟಲೆ ಬಿಡದೆ, ಕಿವಿಯಲ್ಲಿ ಏನೂ ಕಾಣದೆ, ಜೊತೆಗೆ ನುಂಗಲು ಕಷ್ಟ, ದನಿ ಒಡೆಯುವುದು, ಕುತ್ತಿಗೆಯಲ್ಲಿ ಗಂಟು, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿಸಿಕೊಳ್ಳಲೇಬೇಕು. ಹೊಗೆಸೊಪ್ಪು ಬಳಸುವವರು, ಮದ್ಯ ಸೇವಿಸುವವರು ಇನ್ನೂ ಮುಂಚೆ. ನಾಲಿಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಯ ಸುತ್ತಲಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಿವಿನೋವಾಗಿಯೇ ಬಾಗಿಲು ಬಡಿಯುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು, ಸೋರಿಕೆ ಇದ್ದರೆ ಸೋಂಕು ಮೂಳೆಗೆ ಇಳಿದಿದೆಯೇ ಎಂದು ನೋಡಬೇಕಾಗುತ್ತದೆ.

ಕನ್ನಡಕದ ನಂಬರ್ ಬದಲಾಗಿರುವುದೇ ಕಾರಣ ಇರಬಹುದೇ?

ಓದಿದ ಮೇಲೆ, ಪರದೆ ನೋಡಿದ ಮೇಲೆ ಹಣೆ ಭಾರವಾಗಿ, ಕಣ್ಣು ಮುಚ್ಚಿ ಕುಳಿತರೆ ಕಡಿಮೆಯಾಗುವ ನೋವಿಗೆ ಕಾರಣ ಇರಬಹುದು. ಬೆಳಗ್ಗೆ ನಿದ್ದೆಯಿಂದ ಎಬ್ಬಿಸುವ, ವಾಂತಿ ತರಿಸುವ ನೋವನ್ನು ಕನ್ನಡಕದ ತಲೆಗೆ ಕಟ್ಟಬೇಡಿ. ನಾನು ಎರಡು ಕನ್ನಡಕ ಬದಲಾಯಿಸಿದೆ.

ಕಣ್ಣಿನದೇ ರೋಗವಾಗಿದ್ದರೆ ಹೇಗೆ ತಿಳಿಯುತ್ತದೆ?

ಕಣ್ಣು ಹೊರಳಿಸಿದರೆ ನೋವು, ಒಂದು ಕಣ್ಣಿನ ದೃಷ್ಟಿ ದಿನದಿಂದ ದಿನಕ್ಕೆ ಮಸುಕು, ಕೆಂಪು ಬಣ್ಣ ಆ ಕಣ್ಣಿಗೆ ತೊಳೆದಂತೆ ಪೇಲವ. ಹೀಗಿದ್ದರೆ ಕಣ್ಣಿನ ನರದ ಉರಿಯೂತವನ್ನು ಅನುಮಾನಿಸುತ್ತಾರೆ. ಬೆಳಕು ಕಂಡರೆ ನೋವು, ಕರಿಗುಡ್ಡೆಯ ಸುತ್ತ ಕೆಂಪು ಉಂಗುರ ಇದ್ದರೆ ಕಣ್ಣೊಳಗಿನ ಉರಿಯೂತ. ಕೊರೆಯುವಂಥ ನೋವು ಹುಬ್ಬಿಗೂ ದವಡೆಗೂ ಹರಡಿ ರಾತ್ರಿ ಎಬ್ಬಿಸಿದರೆ ಬಿಳಿಗುಡ್ಡೆಯ ಪದರದ್ದು. ಹಣೆಯ ಒಂದು ಬದಿ ಉರಿದು ಎರಡು ಮೂರು ದಿನದ ಮೇಲೆ ಗುಳ್ಳೆಗಳೆದ್ದರೆ ಸರ್ಪಸುತ್ತು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ತಗಲುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮೋಸ ಮಾಡುವುದು ಬಂದು ಹೋಗುವ ಗ್ಲಾಕೋಮಾ. ಸಂಜೆ ಅಥವಾ ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗಿ, ಕಣ್ಣೊಳಗಿನ ದ್ರವ ಹೊರಹೋಗುವ ಮೂಲೆ ಮುಚ್ಚಿಕೊಂಡು, ಹುಬ್ಬಿನ ಮೇಲೆ ನೋವು, ದೀಪದ ಸುತ್ತ ಬಳೆ. ಮಲಗಿ ಎದ್ದರೆ ಏನೂ ಇಲ್ಲ. ಮೈಗ್ರೇನ್ ಎಂದು ಯಾರಾದರೂ ನಂಬುತ್ತಾರೆ. ಹಗಲಿನಲ್ಲಿ ಅಳೆದರೆ ಕಣ್ಣಿನ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದ ಸಾಮಾನ್ಯ ಮಿತಿಯೊಳಗೇ ಸಿಗಬಹುದು. ಹಾಗಾಗಿ ಒತ್ತಡ ಅಳೆದದ್ದು ಸಾಲದು, ಆ ಮೂಲೆಯನ್ನು ಮಸೂರವಿಟ್ಟು ನೋಡಿ ಎಂದು ಕೇಳಬೇಕು. ಹತ್ತಿರದ್ದು ಮಸುಕಾಗುವ ದೂರದೃಷ್ಟಿ ದೋಷದ ಕನ್ನಡಕದವರಲ್ಲಿ, ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಮೈಗ್ರೇನ್ ತಡೆಯಲು ಕೊಡುವ ಟೊಪಿರಮೇಟ್ ಎಂಬ ಮಾತ್ರೆಯೇ ಅಪರೂಪಕ್ಕೆ ಇಂಥ ಗ್ಲಾಕೋಮಾ ತರುತ್ತದೆ. ಆ ಮಾತ್ರೆ ಶುರುಮಾಡಿದ ಮೊದಲ ತಿಂಗಳಲ್ಲಿ ಕಣ್ಣು ನೋಯುತ್ತ ದೃಷ್ಟಿ ಮಂಜಾದರೆ ತಕ್ಷಣ ವೈದ್ಯರಿಗೆ ತಿಳಿಸಿ.

ನೋವಿನ ಜೊತೆ ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಬದಿಯ ಮೂಗೂ ಕಟ್ಟುತ್ತದೆ. ಅಲರ್ಜಿಯೇ?

ಅಲರ್ಜಿ ಒಂದೇ ಬದಿಯನ್ನು ಆರಿಸಿಕೊಳ್ಳುವುದು ಕಡಿಮೆ, ಅಷ್ಟು ನೋವನ್ನೂ ಕೊಡುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಹೆಚ್ಚಾಗಿ ನಿದ್ದೆ ಹತ್ತಿದ ಗಂಟೆ ಎರಡು ಗಂಟೆಯಲ್ಲಿ ಎಬ್ಬಿಸಿ, ಕಣ್ಣಿಗೆ ಸಲಾಕೆ ಚುಚ್ಚಿದಂತೆ ಕಾಡಿ, ಕೆಲವು ವಾರ ಹೀಗೆ ನಡೆದು ತಿಂಗಳುಗಟ್ಟಲೆ ಮಾಯವಾಗುವುದಾದರೆ ಕ್ಲಸ್ಟರ್ ಎಂಬ ಹೆಸರನ್ನು ವೈದ್ಯರ ಮುಂದೆ ನೀವೇ ಎತ್ತಿದರೂ ತಪ್ಪಿಲ್ಲ. ಇದಕ್ಕೆ ಸಾಮಾನ್ಯ ನೋವಿನ ಮಾತ್ರೆ ನಾಟುವುದಿಲ್ಲ, ಅದು ಕೆಲಸ ಮಾಡುವ ಹೊತ್ತಿಗೆ ದಾಳಿಯೇ ಮುಗಿದಿರುತ್ತದೆ. ಮುಖವಾಡದ ಮೂಲಕ ನಿಮಿಷಕ್ಕೆ 12 ಲೀಟರ್‌ನಂತೆ ಶುದ್ಧ ಆಮ್ಲಜನಕ ಕೊಡುವುದು, ಸುಮಾಟ್ರಿಪ್ಟಾನ್ ಚುಚ್ಚುಮದ್ದು, ತಡೆಗಟ್ಟಲು ವೆರಾಪಮಿಲ್ ಎಂಬ ಬೇರೆಯದೇ ದಾರಿಗಳಿವೆ. ಹೆಸರು ಸರಿಯಾಗಿ ಸಿಗುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಕುಟುಂಬದ ಎರಡು ಹೆಮಿಕ್ರೇನಿಯಾಗಳಿಗೆ ಇಂಡೊಮೆಥಾಸಿನ್ ಎಂಬ ಔಷಧಿ ಕೊಟ್ಟರೆ ನೋವು ಪೂರ್ತಿ ನಿಲ್ಲುತ್ತದೆ. ಎಷ್ಟು ಖಚಿತವಾಗಿ ಎಂದರೆ, ನಿಂತರೆ ಆ ರೋಗ, ನಿಲ್ಲದಿದ್ದರೆ ಬೇರೆ ಎಂದು ತೀರ್ಮಾನಿಸುತ್ತಾರೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ತರಬಲ್ಲ ಔಷಧಿಯಾದ್ದರಿಂದ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳುವಂತಿಲ್ಲ.

ಸ್ಕ್ಯಾನ್ ಮಾಡಿಸಿಬಿಟ್ಟರೆ ಎಲ್ಲ ತಿಳಿಯುವುದಿಲ್ಲವೇ?

ಈ ಆಸೆ ನನಗೂ ಇತ್ತು. ಹಲವು ವರ್ಷಗಳಿಂದ ಒಂದೇ ರೀತಿ ಬರುವ ಮೈಗ್ರೇನ್, ನರಗಳ ಪರೀಕ್ಷೆಯೂ ಕಣ್ಣಿನ ಹಿಂಭಾಗದ ಪರೀಕ್ಷೆಯೂ ಸರಿ ಇದ್ದರೆ ಸ್ಕ್ಯಾನ್‌ನಲ್ಲಿ ಹೊಸದೇನೂ ಸಿಗುವುದಿಲ್ಲ. ಸಿಕ್ಕರೆ ಸಂಬಂಧವಿಲ್ಲದ್ದು ಸಿಗುತ್ತದೆ. ಸೈನಸ್ ಒಳಪದರ ಸ್ವಲ್ಪ ದಪ್ಪ, ಮೆದುಳಿನಲ್ಲಿ ನಾಲ್ಕಾರು ಬಿಳಿ ಚುಕ್ಕೆ. ಯಾವ ತೊಂದರೆಯೂ ಇಲ್ಲದವರಲ್ಲೂ ಕಾಣುವ ಇವುಗಳನ್ನು ವರದಿಯಲ್ಲಿ ಓದಿದ ಮೇಲೆ ನಿದ್ದೆ ಬರುವುದಿಲ್ಲ.

ಆದರೆ ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ, ನೋವಿನ ಸ್ವಭಾವವೇ ಬದಲಾಗಿದ್ದರೆ, ಕೆಮ್ಮಿದಾಗ ಅಥವಾ ಬಗ್ಗಿದಾಗ ಹೊಸದಾಗಿ ಶುರುವಾಗುತ್ತಿದ್ದರೆ ಸ್ಕ್ಯಾನ್ ಬೇಕೇ ಬೇಕು. ಕ್ಲಸ್ಟರ್ ಮತ್ತು ಅದರ ಬಳಗಕ್ಕೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನೂ ಸೇರಿಸಿ ಎಂಆರ್‌ಐ ಮಾಡಿಸುತ್ತಾರೆ. ಟ್ರೈಜೆಮಿನಲ್ ನರಶೂಲೆಯಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿದೆಯೇ ಎಂದು ಎಂಆರ್‌ಐಯಲ್ಲೇ ನೋಡಬೇಕು. ತುರ್ತಿನಲ್ಲಿ ರಕ್ತಸ್ರಾವ ಹುಡುಕಲು ಸಿಟಿ ಸ್ಕ್ಯಾನ್ ವೇಗದ್ದು. ಯಾವ ಪ್ರಶ್ನೆಗೆ ಉತ್ತರ ಹುಡುಕಲು ಈ ಸ್ಕ್ಯಾನ್ ಎಂದು ಕೇಳುವ ಹಕ್ಕು ನಿಮಗಿದೆ.

ರಕ್ತಪರೀಕ್ಷೆ?

50 ದಾಟಿದವರ ಹೊಸ ತಲೆನೋವಿಗೆ, ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ತಪ್ಪದೆ. ರಕ್ತನಾಳದ ಉರಿಯೂತದ ಅನುಮಾನ ಬಲವಾಗಿದ್ದರೆ ವರದಿಗೂ ಕಾಯದೆ ಸ್ಟಿರಾಯ್ಡ್ ಶುರುಮಾಡುತ್ತಾರೆ. ಉಳಿದಂತೆ ವೈದ್ಯರಿಗೆ ನಿರ್ದಿಷ್ಟ ಅನುಮಾನವಿದ್ದರೆ ಮಾತ್ರ.

ಕಿವಿಯಲ್ಲಿ ನನ್ನದೇ ನಾಡಿ ಬಡಿದಂತೆ ಸದ್ದು ಕೇಳಿಸುತ್ತದೆ. ಇದಕ್ಕೂ ತಲೆನೋವಿಗೂ ಸಂಬಂಧವಿದೆಯೇ?

ಇರಬಹುದು, ಮತ್ತು ಇದನ್ನು ಹೇಳದೆ ಬಿಡುವವರೇ ಹೆಚ್ಚು. ತಲೆಬುರುಡೆಯೊಳಗಿನ ದ್ರವದ ಒತ್ತಡ ಏರಿದರೆ ತಲೆನೋವು, ಹೃದಯದ ಲಯಕ್ಕೆ ಕಿವಿಯಲ್ಲಿ ಬುಸುಬುಸು, ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಕತ್ತಲಿಡುವುದು, ಒಂದು ಎರಡಾಗಿ ಕಾಣುವುದು. ತೂಕ ಹೆಚ್ಚಿರುವ ಯುವತಿಯರಲ್ಲಿ ಇದು ಹೆಚ್ಚು. ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್, ಮೊಡವೆಗೆ ಕೊಡುವ ಎ ಜೀವಸತ್ವದ ಬಗೆಯ ಮಾತ್ರೆಗಳೂ ಕಾರಣವಾಗುತ್ತವೆ. ನೇತ್ರತಜ್ಞರು ಕಣ್ಣಿನ ಹಿಂಭಾಗ ನೋಡಿದರೆ ನರದ ತಲೆ ಊದಿರುವುದು ಕಾಣುತ್ತದೆ. ಎಂಆರ್‌ಐ ಆದ ಮೇಲೆ ಬೆನ್ನಿನಿಂದ ದ್ರವ ತೆಗೆದು ಒತ್ತಡ ಅಳೆಯುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ದೃಷ್ಟಿ ಹೋಗಬಹುದು.

ಮಾತ್ರೆ ನುಂಗಿದರೆ ಕಡಿಮೆಯಾಗುತ್ತದೆ, ಮಾರನೆಯ ದಿನ ಮತ್ತೆ ಬರುತ್ತದೆ. ಇನ್ನೂ ಬಲವಾದ ಮಾತ್ರೆ ಬೇಕೇ?

ಮಾತ್ರೆಯೇ ಈಗ ನೋವು ತರುತ್ತಿರಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್, ಎರ್ಗಾಟ್, ಅಫೀಮಿನ ಬಗೆಯ ಓಪಿಯಾಯ್ಡ್ ಅಥವಾ ಹಲವು ಔಷಧಿ ಬೆರೆಸಿದ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗಿದರೆ ತಲೆನೋವು ಹೆಚ್ಚುಕಡಿಮೆ ದಿನನಿತ್ಯದ್ದಾಗಬಹುದು. ಲೆಕ್ಕ ಮಾತ್ರೆಗಳದ್ದಲ್ಲ, ದಿನಗಳದ್ದು. ಬಿಡುವಾಗ ಮೊದಲ ಕೆಲವು ದಿನ ನೋವು ಏರುತ್ತದೆ ಎಂದು ಮೊದಲೇ ತಿಳಿದಿದ್ದರೆ ತಡೆದುಕೊಳ್ಳಬಹುದು. ಓಪಿಯಾಯ್ಡ್ ಬಗೆಯದನ್ನು ಮಾತ್ರ ಥಟ್ಟನೆ ಬಿಡದೆ ವೈದ್ಯರ ಉಸ್ತುವಾರಿಯಲ್ಲಿ ಇಳಿಸಬೇಕು. ನೋವಿನ ನಿಜವಾದ ಮುಖ ಕಾಣುವುದು ಈ ಮಬ್ಬು ಸರಿದ ಮೇಲೆಯೇ. ಅಲ್ಲಿಯವರೆಗೆ ಯಾವ ತಜ್ಞರಿಗೂ ಹೆಸರು ಹೇಳುವುದು ಕಷ್ಟ.

ಕಿವಿಗೆ ಮನೆಯಲ್ಲೇ ಏನಾದರೂ ಹನಿ ಹಾಕಿಕೊಂಡು ನೋಡಬಹುದೇ?

ತಮಟೆಯಲ್ಲಿ ತೂತಿಲ್ಲ ಎಂದು ಯಾರಾದರೂ ನೋಡಿ ಹೇಳುವವರೆಗೆ ಬೇಡ. ಹತ್ತಿಕಡ್ಡಿ ಎಂದಿಗೂ ಬೇಡ.

ಮಗು ಕಿವಿ ಹಿಡಿದು ತಲೆ ನೋಯುತ್ತದೆ ಎಂದು ಅಳುತ್ತದೆ.

ಚಿಕ್ಕ ಮಕ್ಕಳಲ್ಲಿ ನಡುಗಿವಿಯ ಸೋಂಕೇ ಮೊದಲ ಅನುಮಾನ, ಅದನ್ನು ನೋಡಿಸುವುದು ಸುಲಭ. ಕಿವಿ ಸರಿಯಿದ್ದೂ ನೋವು ಮರುಕಳಿಸಿದರೆ ಮೈಗ್ರೇನ್ ಮಕ್ಕಳಿಗೂ ಬರುತ್ತದೆ ಎಂಬುದನ್ನು ನೆನಪಿಡಿ. ದೊಡ್ಡವರದಕ್ಕಿಂತ ಕಡಿಮೆ ಹೊತ್ತು, ಎರಡು ಗಂಟೆಯಷ್ಟೇ ಇರಬಹುದು. ಹಣೆಯ ಎರಡೂ ಬದಿ ಇರಬಹುದು. ವಾಂತಿಯಾಗಿ ಮಲಗಿ ಎದ್ದರೆ ಏನೂ ಆಗಿಲ್ಲವೆಂಬಂತೆ ಆಡುತ್ತವೆ. ಬೆಳಗಿನ ಜಾವ ನೋವಿನಿಂದ ಎದ್ದು ವಾಂತಿ ಮಾಡುವುದು, ನಡಿಗೆ ತೊನೆಯುವುದು, ಹೊಸದಾಗಿ ಮೆಳ್ಳೆಗಣ್ಣು ಬರುವುದು, ತಲೆ ಒಂದು ಕಡೆಗೆ ವಾಲಿಸುವುದು ಕಂಡರೆ ತಡಮಾಡಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಎಲ್ಲ ವರದಿಯೂ ಸರಿಯಿದೆ, ಇದು ಮನಸ್ಸಿನದು ಎಂದರು. ಏನು ಮಾಡಲಿ?

ವರದಿ ಸರಿಯಿದೆ ಎಂದರೆ ಅಪಾಯಕಾರಿ ಕಾರಣಗಳು ಕಾಣಲಿಲ್ಲ ಎಂದು ಅರ್ಥ, ನೋವಿಲ್ಲ ಎಂದಲ್ಲ. ಮನಸ್ಸಿನ ಒತ್ತಡ ಮೈಗ್ರೇನನ್ನೂ ದವಡೆಯ ಬಿಗಿತವನ್ನೂ ಕೆರಳಿಸುತ್ತದೆ ಎಂಬುದು ನಿಜ, ನಿದ್ದೆಗೆಟ್ಟರೂ ಹಾಗೆಯೇ. ಆದರೆ ಕೆರಳಿಸುವುದು ಬೇರೆ, ಹುಟ್ಟಿಸುವುದು ಬೇರೆ. "ಹಾಗಾದರೆ ಈ ನೋವಿನ ಹೆಸರೇನು? ಯಾವ ಯಾವುದನ್ನು ಯೋಚಿಸಿ ಕೈಬಿಟ್ಟಿರಿ? ಏನು ಬದಲಾದರೆ ಮತ್ತೆ ಬರಬೇಕು?" ಎಂದು ಜಗಳವಿಲ್ಲದೆ ಕೇಳಿ. ಉತ್ತರ ಸಿಗದಿದ್ದರೆ ತಲೆನೋವನ್ನೇ ಮುಖ್ಯವಾಗಿ ನೋಡುವ ನರರೋಗ ತಜ್ಞರ ಎರಡನೆಯ ಅಭಿಪ್ರಾಯ ಪಡೆಯಿರಿ. ಹೋಗುವಾಗ ಹಳೆಯ ವರದಿಗಳ ಇಡೀ ಚೀಲದ ಬದಲು ಒಂದು ಹಾಳೆಯ ಸಾರಾಂಶ ಒಯ್ಯಿರಿ: ಯಾವ ಪರೀಕ್ಷೆ, ಯಾವಾಗ, ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ದಿನ, ಏಕೆ ಬಿಟ್ಟದ್ದು. ತಡೆಗಟ್ಟುವ ಔಷಧಿಯನ್ನು ಒಂದು ವಾರ ನುಂಗಿ ಫಲವಿಲ್ಲ ಎಂದು ಬಿಟ್ಟಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಅವು ಕೆಲಸ ಮಾಡಿದವೇ ಎಂದು ತಿಳಿಯಲು ಎರಡು ತಿಂಗಳಾದರೂ ಬೇಕು.

ಕೊನೆಗೆ ನಿಮಗೆ ಇದ್ದದ್ದು ಏನು?

ಎರಡು. ಮೈಗ್ರೇನ್ ಮತ್ತು ದವಡೆಯ ಕೀಲಿನ ತೊಂದರೆ. ಒಂದೇ ಹೆಸರು ಹುಡುಕುತ್ತಿದ್ದುದರಿಂದ ನನಗೂ ವೈದ್ಯರಿಗೂ ಲೆಕ್ಕ ಹೊಂದುತ್ತಿರಲಿಲ್ಲ. ಬೆಳಗಿನ ಕಿವಿನೋವು ದವಡೆಯದು, ಅದು ನರವನ್ನು ಕೆಣಕಿ ಕೆಲವು ದಿನ ಮೈಗ್ರೇನನ್ನು ಎಬ್ಬಿಸುತ್ತಿತ್ತು. ಈಗ ರಾತ್ರಿ ಹಲ್ಲಿಗೆ ಕವಚ ಹಾಕಿ ಮಲಗುತ್ತೇನೆ, ತಡೆಗಟ್ಟುವ ಮಾತ್ರೆಯೊಂದನ್ನು ಒಂಬತ್ತು ತಿಂಗಳು ನುಂಗಿ ನಿಲ್ಲಿಸಿದ್ದೇನೆ. ದಿನಚರಿಯ ಕಳೆದ ಪುಟದಲ್ಲಿ ಎರಡು ಸಾಲುಗಳಿವೆ. ಮೊದಲ ಪುಟದಲ್ಲಿ ಹತ್ತೊಂಬತ್ತು ಇದ್ದವು.